ಮೊದಲ ಮಣಿ, ಆರನೇ ಮಣಿ: ಸಿಕಲ್ ವಾಹಕರಲ್ಲಿ ಸಕ್ಕರೆಯ ಲೆಕ್ಕ



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಅವರ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಾಗಲಿ, ಮುಂದೆ ಅಚ್ಚಾಗುವ ಪುಸ್ತಿಕೆಯಲ್ಲಾಗಲಿ ಹಾಕಕೂಡದು ಎಂಬುದು ಮನೆಯವರ ಷರತ್ತು. ಅವರು ಇದ್ದಾಗಲೂ ಹಾಗೇ ಇದ್ದವರು. ಕಾಡಂಚಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ನನ್ನನ್ನು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಅದಕ್ಕೊಂದು ಹನಿ ಸೋಡಿಯಂ ಮೆಟಾಬೈಸಲ್ಫೈಟ್, ಮೇಲೆ ತೆಳ್ಳನೆಯ ಗಾಜಿನ ಮುಚ್ಚಳ, ಗಾಳಿ ನುಗ್ಗದ ಹಾಗೆ ಅಂಚಿಗೆಲ್ಲ ಕರಗಿದ ಮೇಣ. "ಈಗಲೇ ನೋಡಬೇಡಿ, ಕಾಫಿ ಕುಡಿದು ಬನ್ನಿ" ಎಂದರು. ಬಂದು ನೋಡಿದರೆ ದುಂಡಗಿದ್ದ ಕಣಗಳಲ್ಲಿ ಹಲವು ಬಾಗಿ, ತುದಿ ಚೂಪಾಗಿ, ಕುಡುಗೋಲಿನಂತೆ ನಿಂತಿದ್ದವು. ರಕ್ತ ಕೊಟ್ಟ ಹುಡುಗ ಹೊರಗೆ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿದ್ದ, ಗಟ್ಟಿಮುಟ್ಟಾಗಿದ್ದ. "ಇವನಿಗೆ ಕಾಯಿಲೆ ಇಲ್ಲ ಡಾಕ್ಟ್ರೇ, ಕಾಯಿಲೆಯ ಬೀಜ ಇದೆ ಅಷ್ಟೇ" ಎಂದರು.

ಸಿಕಲ್ ಕಾಯಿಲೆ ಬೇರೆ, ಅದರ ವಾಹಕನಾಗಿರುವುದು ಬೇರೆ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಅರ್ಥವಾದದ್ದು ಆ ಬೆಂಚಿನ ಬಳಿ. ತಂದೆ ತಾಯಿ ಇಬ್ಬರಿಂದಲೂ ಆ ಬೀಜ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ವಾಹಕ. ವಾಹಕನ ರಕ್ತದಲ್ಲಿ ನೂರರಲ್ಲಿ 35ರಿಂದ 40 ಪಾಲು ಸಿಕಲ್ ಹಿಮೋಗ್ಲೋಬಿನ್ ಇರುತ್ತದೆ, ಉಳಿದದ್ದು ನಮ್ಮ ನಿಮ್ಮಂಥದ್ದೇ. ಅವನು ಮರ ಹತ್ತುತ್ತಾನೆ, ಮೂಟೆ ಹೊರುತ್ತಾನೆ, ತನ್ನ ರಕ್ತದ ಗುಟ್ಟು ತಿಳಿಯದೆಯೇ ಮುದುಕನಾಗುತ್ತಾನೆ. ಅಂಥವನಿಗೆ ಸಕ್ಕರೆ ಕಾಯಿಲೆಯೂ ಬಂದರೆ ನಾವು ಅದರ ಲೆಕ್ಕ ಇಡುವುದು ಹೇಗೆ? ಇಂದಿನ ನನ್ನ ಮಾತು ಇಷ್ಟರ ಮೇಲೆಯೇ.

ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ಒಬ್ಬ ಹೆಂಗಸು ಬಂದರು. ಹಾಡಿಯವರು, ಸುಗ್ಗಿಯಲ್ಲಿ ಕೊಡಗಿನ ತೋಟಗಳಿಗೆ ಕಾಫಿ ಬಿಡಿಸಲು ಹೋಗುವವರು. ಸುಸ್ತು, ರಾತ್ರಿ ಮೂರು ನಾಲ್ಕು ಸಲ ಎದ್ದು ಹೊರಗೆ ಹೋಗುವುದು. ಜನ "ಮೂರು ತಿಂಗಳ ಶುಗರ್" ಎನ್ನುವ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ ಮಾಡಿಸಿದೆ. 6.3 ಬಂತು. 6.5 ಮುಟ್ಟಿದರೆ ತಾನೇ ಸಕ್ಕರೆ ಕಾಯಿಲೆ? "ಗಡಿಯಲ್ಲಿದೆ ಕಣವ್ವ, ಅನ್ನ ಕಮ್ಮಿ ಮಾಡು, ವರ್ಷ ಬಿಟ್ಟು ಬಾ" ಎಂದು ಕಳಿಸಿದೆ. ವರ್ಷ ಕಳೆಯುವ ಮುನ್ನವೇ ಕಾಲಿನ ಹುಣ್ಣು ಒಣಗುತ್ತಿಲ್ಲವೆಂದು ಬಂದರು. ಖಾಲಿ ಹೊಟ್ಟೆಯ ಶುಗರ್ 134. ವಾರ ಬಿಟ್ಟು ಮತ್ತೆ ನೋಡಿದರೆ 131. 126 ದಾಟಿದ್ದು ಎರಡು ಸಲ. ರೋಗ ನಿರ್ಣಯಕ್ಕೆ ಅಷ್ಟು ಸಾಕು. ಅದೇ ದಿನದ ಎ1ಸಿ ಮತ್ತೆ 6.3.

ಆಗ ನಾನು ಮಾಡಿದ್ದು ಹಿಂದಿನ ವರ್ಷವೇ ಮಾಡಬೇಕಾಗಿದ್ದ ಕೆಲಸ: ಲ್ಯಾಬಿನ ವರದಿಯ ಎರಡನೇ ಹಾಳೆ ತಿರುವಿದೆ. ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದ ಒಂದು ಸಂಖ್ಯೆ ಇರುತ್ತದೆ, ಎಲ್ಲರೂ ನೋಡುವುದು ಅದನ್ನೇ. ಎರಡನೆಯದರಲ್ಲಿ ಎಚ್‌ಪಿಎಲ್‌ಸಿ ಯಂತ್ರ ಬರೆದ ಗೆರೆಚಿತ್ರ. ಎಡಗಡೆ ಪುಟ್ಟ ಪುಟ್ಟ ಗುಡ್ಡಗಳು, ಅವುಗಳಲ್ಲಿ ಒಂದು ಎ1ಸಿ. ಆಮೇಲೆ ಆಕಾಶ ಮುಟ್ಟುವಂಥ ಒಂದು ಶಿಖರ, ಅದು ಸಾಧಾರಣ ಹಿಮೋಗ್ಲೋಬಿನ್. ಅಲ್ಲಿಗೆ ಗೆರೆ ನೆಲ ಹಿಡಿದು ಮಲಗಬೇಕು. ಈ ಹೆಂಗಸಿನ ಹಾಳೆಯಲ್ಲಿ ಅದು ಮಲಗಿರಲಿಲ್ಲ. ಬಲಗಡೆ ಇನ್ನೊಂದು ಶಿಖರ ಎದ್ದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಎಸ್ ವಿಂಡೋ" ಎಂದಿತ್ತು. ಯಂತ್ರ ಹೇಳಬೇಕಾದ್ದನ್ನು ಹೇಳಿತ್ತು. ಅದನ್ನು ಸಹಿ ಮಾಡಿದವರೂ ಓದಿರಲಿಲ್ಲ, ತರಿಸಿಕೊಂಡ ನಾನೂ ಓದಿರಲಿಲ್ಲ.

"ಮನೇಲಿ ಯಾರಿಗಾದ್ರೂ ಸಿಕಲ್ ಕಾರ್ಡ್ ಕೊಟ್ಟಿದ್ದಾರೇನವ್ವ?" ಎಂದು ಕೇಳಿದೆ. "ಮಗಂಗೊಂದು ಕೊಟ್ಟವ್ರೆ. ಮದ್ವೆಗೆ ಬೇಕಾಯ್ತದೆ ಅಂದವ್ರೆ" ಎಂದರು.

ಇದು ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಎ1ಸಿ ಅಂದರೇನು ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಸಕ್ಕರೆಯನ್ನು ಅಳೆಯುವ ಪರೀಕ್ಷೆಯಲ್ಲ. ಸಕ್ಕರೆ ಹಿಮೋಗ್ಲೋಬಿನ್ ಮೇಲೆ ಬಿಟ್ಟುಹೋದ ಗುರುತನ್ನು ಅಳೆಯುವ ಪರೀಕ್ಷೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ಅದು ರಕ್ತದ ಸಕ್ಕರೆಯಲ್ಲೇ ಮುಳುಗೆದ್ದು ತಿರುಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಹಿಮೋಗ್ಲೋಬಿನ್‌ಗೆ ಅಂಟುವುದು ಹೆಚ್ಚು. ಬೆಲ್ಲದ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನ ಅಂಗಿ ನೋಡಿ ಈ ತಿಂಗಳ ವ್ಯಾಪಾರ ಊಹಿಸಿದ ಹಾಗೆ. ಊಹೆ ಸರಿಯಾಗಬೇಕಾದರೆ ಹುಡುಗ ತಿಂಗಳೆಲ್ಲ ಒಂದೇ ಅಂಗಿ ಹಾಕಿರಬೇಕು, ಅಂಗಿಯ ಬಟ್ಟೆಯೂ ನಮಗೆ ಗೊತ್ತಿರುವಂಥದ್ದಾಗಿರಬೇಕು. ಕಣದ ಆಯಸ್ಸು ಕಮ್ಮಿಯಾದರೆ ಅಂಗಿ ನಡುವೆಯೇ ಬದಲಾಯಿತು. ಹಿಮೋಗ್ಲೋಬಿನ್ ಬೇರೆ ಥರದ್ದಾದರೆ ಬಟ್ಟೆಯೇ ಬೇರೆ.

ಹಿಮೋಗ್ಲೋಬಿನ್‌ನ ಬೀಟಾ ಸರ ಎನ್ನುವುದು 146 ಅಮೈನೋ ಆಮ್ಲಗಳ ಮಾಲೆ, ಕರಿಮಣಿ ಸರದ ಹಾಗೆ. ಎ1ಸಿ ಆಗಬೇಕಾದರೆ ಸಕ್ಕರೆ ಅಂಟುವುದು ಆ ಸರದ ಮೊದಲ ಮಣಿಗೆ. ಸಿಕಲ್ ಹಿಮೋಗ್ಲೋಬಿನ್‌ನಲ್ಲಿ ಬದಲಾಗಿರುವುದು ಅದೇ ಸರದ ಆರನೇ ಮಣಿ. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕೂತಿದೆ. ನೂರನಲವತ್ತಾರು ಮಣಿಗಳಲ್ಲಿ ಈ ಎರಡು ಇಷ್ಟು ಹತ್ತಿರ ಬಂದು ಕೂತಿವೆ. ಕೆಲವು ಎ1ಸಿ ಕಿಟ್‌ಗಳು ಪ್ರತಿಕಾಯದ ಮೂಲಕ ಸರದ ಮೊದಲ ಕೆಲವು ಮಣಿಗಳನ್ನು ತಡವಿ ನೋಡಿ ಗುರುತು ಹಿಡಿಯುತ್ತವೆ. ನಾಲ್ಕೇ ಮಣಿ ತಡವುವ ಕಿಟ್‌ಗೆ ಆರನೆಯದರ ಗೊಡವೆಯಿಲ್ಲ. ಇನ್ನೂ ಮುಂದಕ್ಕೆ ಕೈ ಚಾಚುವ ಕಿಟ್ ಎಡವಬಹುದು.

ಎಡವುವ ಬಗೆ ಯಂತ್ರದಿಂದ ಯಂತ್ರಕ್ಕೆ ಬೇರೆ. ಎಚ್‌ಪಿಎಲ್‌ಸಿಯ ಈಚಿನ ಯಂತ್ರಗಳು ಸಿಕಲ್ ಪಾಲನ್ನು ಬೇರೆ ಮಾಡಿ ತೋರಿಸುತ್ತವೆ. ಹಳೆಯ ಕೆಲವು ಅದನ್ನು ಲೆಕ್ಕದಲ್ಲಿ ಕಲಸಿಬಿಡುತ್ತಿದ್ದವು. ಬೊರೊನೇಟ್ ವಿಧಾನ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಯಾವ ಜಾತಿಯದಾದರೂ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಲ್ಯಾಬಿಗೆ ಹೋದಾಗ "ಶುಗರ್ ಎಷ್ಟು" ಎಂದು ಕೇಳುವ ನಾವು "ಯಾವ ವಿಧಾನದಲ್ಲಿ ಮಾಡ್ತೀರಿ" ಎಂದು ಕೇಳುವುದೇ ಇಲ್ಲ. ಕೇಳಬೇಕು.

ಇಲ್ಲಿ ಸ್ವಲ್ಪ ಚರಿತ್ರೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಸಿಕಲ್ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಓಡುತ್ತದೆಂದು ತೋರಿಸಿದರು. ಅಣುವಿನ ಮಟ್ಟದಲ್ಲಿ ಕಾರಣ ತಿಳಿದ ಮೊದಲ ಕಾಯಿಲೆ ಅದು. ಆಮೇಲೆ ಊರೂರಲ್ಲಿ ಹಿಮೋಗ್ಲೋಬಿನ್ ಓಡಿಸಿ ನೋಡುವ ಹುಮ್ಮಸ್ಸು ಹುಟ್ಟಿತು. 1960ರ ದಶಕದಲ್ಲಿ ಟೆಹರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಎಂಬ ವಿಜ್ಞಾನಿ ಹೀಗೇ ವಿಚಿತ್ರ ಹಿಮೋಗ್ಲೋಬಿನ್‌ಗಳನ್ನು ಹುಡುಕುತ್ತ ಹೋದಾಗ, ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಬೇಗ ಓಡುವ ಒಂದು ಪಟ್ಟೆ ಕಂಡಿತು. 1968ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷ ನ್ಯೂಯಾರ್ಕಿನಲ್ಲಿ ಅವರ ಜೊತೆ ಕೆಲಸ ಮಾಡಿ, ಅದು ಆಗಲೇ ಗೊತ್ತಿದ್ದ ಎ1ಸಿಯಂಥದ್ದೇ ಎಂದು ತೋರಿಸಿದವರಲ್ಲಿ ಒಬ್ಬರು ಹೆಲೆನ್ ರ್‍ಯಾನಿ. ಆಕೆ ಸಿಕಲ್ ಕಾಯಿಲೆಯ ಅಧ್ಯಯನದಲ್ಲೇ ಹೆಸರಾದವರು. ಅಂದರೆ ನಾವಿಂದು ಬೀದಿ ಬೀದಿಯ ಲ್ಯಾಬಿನಲ್ಲಿ ಮಾಡಿಸುವ "ಮೂರು ತಿಂಗಳ ಶುಗರ್" ಹುಟ್ಟಿದ್ದೇ ಹಿಮೋಗ್ಲೋಬಿನ್ ವೈವಿಧ್ಯವನ್ನು ಹುಡುಕುವವರ ಮನೆಯಲ್ಲಿ. ದೊಡ್ಡದಾಗಿ ಬೆಳೆದು ಸಕ್ಕರೆ ವೈದ್ಯರ ಮನೆ ಸೇರಿದ ಮೇಲೆ ಅದಕ್ಕೆ ತವರು ಮರೆತುಹೋಯಿತು.

2010ರಲ್ಲಿ ಅಮೆರಿಕದ ಡಯಾಬಿಟಿಸ್ ಸಂಘವೂ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ 6.5ರ ಎ1ಸಿಯನ್ನು ರೋಗ ನಿರ್ಣಯಕ್ಕೆ ಒಪ್ಪಿಕೊಂಡವು. ಉಪವಾಸ ಇರಬೇಕಿಲ್ಲ, ಯಾವ ಹೊತ್ತಿಗಾದರೂ ರಕ್ತ ಕೊಡಬಹುದು. ವೈದ್ಯರಿಗೂ ರೋಗಿಗೂ ಸುಲಭ. ಅದರ ಬೆನ್ನಿಗೇ ವಾಹಕರ ಪ್ರಶ್ನೆ ಎದ್ದಿತು. ವ್ಯತ್ಯಾಸವೇನೂ ಇಲ್ಲ ಎಂದ ಅಧ್ಯಯನವೂ ಇತ್ತು. ಆದರೆ 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಕೆಲಸ ದೊಡ್ಡದು: 4620 ಆಫ್ರಿಕನ್ ಅಮೆರಿಕನ್ನರು, ಅವರಲ್ಲಿ 367 ಮಂದಿ ಸಿಕಲ್ ವಾಹಕರು. ಖಾಲಿ ಹೊಟ್ಟೆಯ ಸಕ್ಕರೆ ಒಂದೇ ಇದ್ದರೂ ವಾಹಕರಲ್ಲಿ ಎ1ಸಿ ಸರಾಸರಿ 5.72, ಉಳಿದವರಲ್ಲಿ 6.01. ಎ1ಸಿಯನ್ನೇ ಅಳತೆಗೋಲಾಗಿ ಹಿಡಿದರೆ ವಾಹಕರಲ್ಲಿ ಸಕ್ಕರೆ ಕಾಯಿಲೆ ಕಂಡದ್ದು ಶೇಕಡಾ 3.8, ಉಳಿದವರಲ್ಲಿ 7.3. ವಾಹಕರಿಗೆ ಸಿಹಿ ಕಮ್ಮಿ ಅಂತಲ್ಲ. ಕೋಲಿನ ಗುರುತುಗಳು ಅವರಿಗೆ ಸರಿಯಾಗಿಲ್ಲ.

ಬರೀ 0.3 ತಾನೇ ಎನ್ನಬಹುದು. ಮಧ್ಯದಲ್ಲಿರುವವನಿಗೆ ಅದು ಏನೂ ಅಲ್ಲ. ಗಡಿಯಲ್ಲಿರುವವನಿಗೆ ಅದೇ ಎಲ್ಲ. 6.6 ಬರಬೇಕಾದವನಿಗೆ 6.3 ಬರುತ್ತದೆ, ಅವನು ಮನೆಗೆ ಹೋಗುತ್ತಾನೆ. ಔಷಧ ತೆಗೆದುಕೊಳ್ಳುತ್ತಿರುವವನಿಗೆ 7 ಬಂದರೆ ನಾವು ಬೆನ್ನು ತಟ್ಟುತ್ತೇವೆ. ಆ 7 ನಿಜವಾಗಿ 7.3 ಆಗಿದ್ದರೆ ಅವನ ಸರಾಸರಿ ಸಕ್ಕರೆ 154 ಅಲ್ಲ, 163ರ ಆಸುಪಾಸು.

ಆದರೆ ಈ 0.3ನ್ನು ಹಾಗೇ ಕಿತ್ತು ತಂದು ನಮ್ಮ ಹಾಡಿಗಳಲ್ಲಿ ನೆಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮ್ಮಲ್ಲಿನ ಸಿಕಲ್ ಬೀಜದ ಹಿನ್ನೆಲೆ ಬೇರೆ; ಅದನ್ನು ಅರಬ್-ಇಂಡಿಯನ್ ಬಗೆ ಎನ್ನುತ್ತಾರೆ. ಆದಿವಾಸಿ ಸಮುದಾಯಗಳಲ್ಲಿ ಆಲ್ಫಾ ಥಲಸ್ಸೀಮಿಯಾ ಕೂಡ ಸಾಮಾನ್ಯ. ಅದು ಜೊತೆಗಿದ್ದರೆ ವಾಹಕನಲ್ಲಿ ಸಿಕಲ್ ಪಾಲೇ ಇಳಿಯುತ್ತದೆ. ಇದೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಹೆಂಗಸರಲ್ಲಿ ಕಬ್ಬಿಣದ ಕೊರತೆ. ಕಬ್ಬಿಣ ಕಮ್ಮಿಯಾದರೆ ಎ1ಸಿ ಸುಳ್ಳಾಗಿ ಮೇಲೇರುತ್ತದೆ. ಸಿಕಲ್ ಕೆಳಗೆಳೆಯುತ್ತದೆ, ಕಬ್ಬಿಣದ ಕೊರತೆ ಮೇಲೆಳೆಯುತ್ತದೆ. ನಡುವೆ ಬರುವ ಸಂಖ್ಯೆ ನೋಡಲು ಚೆಂದವಾಗಿರುತ್ತದೆ. ಹಾಗಾಗಿ ಬಂದ ಸಂಖ್ಯೆಗೆ 0.3 ಕೂಡಿಸಿ ಬರೆಯುವ ಜಾಣತನ ಬೇಡ. ನೇರವಾಗಿ ಸಕ್ಕರೆಯನ್ನೇ ನೋಡಿ.

ಸಿಕಲ್ ಕಾಯಿಲೆಯೇ ಇರುವವರ ಮಾತು ಇನ್ನೂ ಸರಳ. ಅವರಲ್ಲಿ ಸಾಧಾರಣ ಹಿಮೋಗ್ಲೋಬಿನ್ನೇ ಇಲ್ಲ, ಕಣದ ಆಯಸ್ಸು ಹತ್ತಿಪ್ಪತ್ತು ದಿನ. ಅವರಿಗೆ ಎ1ಸಿ ಮಾಡಿಸುವುದು ದುಡ್ಡಿನ ದಂಡ.

ನೇರವಾಗಿ ನೋಡುವುದು ಅಂದರೆ ಹಳೆಯ ದಾರಿಗೆ ಮರಳುವುದು. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಮೇಲೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ 200 ಅಥವಾ ಮೇಲೆ. ಇವುಗಳಿಗೆ ಹಿಮೋಗ್ಲೋಬಿನ್ನಿನ ಜಾತಿಕುಲ ಬೇಕಿಲ್ಲ. ಕಾಯಿಲೆ ಇದೆ ಎಂದಾದ ಮೇಲೆ ಮನೆಯ ಗ್ಲುಕೋಮೀಟರ್. ನನ್ನ ಆ ರೋಗಿಗೆ ವಾರದಲ್ಲಿ ಎರಡು ದಿನ, ಬೆಳಿಗ್ಗೆ ಒಂದು, ಊಟವಾಗಿ ಎರಡು ಗಂಟೆಗೆ ಒಂದು ಎಂದು ಹೇಳಿಕೊಟ್ಟೆ. ಆಶಾ ಕಾರ್ಯಕರ್ತೆ ಬರೆದಿಡುತ್ತಿದ್ದರು. ಒಂದು ಸಲ 290 ಬಂತು. ಗಾಬರಿಯಾಗಿ ಬಂದರು. ಕೇಳಿದರೆ, ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದ ಕೈಯಲ್ಲೇ ಬೆರಳು ಚುಚ್ಚಿಸಿಕೊಂಡಿದ್ದರು. ಕಾಫಿ ಹಣ್ಣಿನ ತಿರುಳು ಸಿಹಿ, ಅಂಟು. ಸೋಪು ಹಾಕಿ ಕೈ ತೊಳೆಸಿ, ಒರೆಸಿ, ಮತ್ತೆ ಚುಚ್ಚಿದರೆ 168. ಯಾವ ಮಾರ್ಗಸೂಚಿಯೂ ಕಾಫಿ ತೋಟದ ಹೆಸರು ಹೇಳುವುದಿಲ್ಲ; ನೀವು ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಕೆಲಸ ಮಾಡುವವರಾದರೆ ಇದನ್ನು ನೆನಪಿಡಿ. ಇನ್ನೊಂದು: ರಕ್ತಹೀನತೆ ಹೆಚ್ಚಿದ್ದರೆ ಹಲವು ಗ್ಲುಕೋಮೀಟರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಯಂತ್ರ ನಂಬುವ ಮುಂಚೆ ಒಂದು ಸಲ ಲ್ಯಾಬಿನ ಸಂಖ್ಯೆಯ ಪಕ್ಕ ಇಟ್ಟು ನೋಡಿ.

ವಾರಗಟ್ಟಲೆಯ ಸರಾಸರಿ ಬೇಕೇಬೇಕು ಎನ್ನುವವರಿಗೆ ಫ್ರಕ್ಟೋಸಮೈನ್ ಪರೀಕ್ಷೆ ಇದೆ. ಅದು ಹಿಮೋಗ್ಲೋಬಿನ್ ಬಿಟ್ಟು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ನೋಡುತ್ತದೆ, ಎರಡು ಮೂರು ವಾರದ ಕಥೆ ಹೇಳುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತಿದ್ದರೆ ಅದೂ ಕೈಕೊಡುತ್ತದೆ. ತೋಳಿಗೆ ಅಂಟಿಸುವ ಸೆನ್ಸರ್ ಚರ್ಮದಡಿಯ ದ್ರವದ ಸಕ್ಕರೆಯನ್ನು ಹಗಲೂ ರಾತ್ರಿ ಬರೆಯುತ್ತದೆ, ಹಿಮೋಗ್ಲೋಬಿನ್‌ಗೂ ಅದಕ್ಕೂ ಸಂಬಂಧವಿಲ್ಲ. ವಾಹಕರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ದುಡ್ಡಿದ್ದರೆ. ಸಿಕಲ್ ಕಾಯಿಲೆಗೆ ಹೈಡ್ರಾಕ್ಸಿಯೂರಿಯಾ ನುಂಗುವವರಲ್ಲಿ ಮಾತ್ರ ಕೆಲವು ಸೆನ್ಸರ್‌ಗಳು ಸುಳ್ಳಾಗಿ ಹೆಚ್ಚು ತೋರಿಸುತ್ತವೆ. ಕಂಪನಿಯ ಕಾಗದ ಓದಿಯೇ ಹಾಕಿ.

ವಾಹಕರಲ್ಲಿ ಎ1ಸಿಯನ್ನು ಪೂರಾ ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಅದೇ ಲ್ಯಾಬು, ಅದೇ ವಿಧಾನ, ಅದೇ ರೋಗಿ ಎಂದಾದರೆ ಹೋದ ಸಲಕ್ಕಿಂತ ಏರಿತೋ ಇಳಿಯಿತೋ ಎಂದು ಅದು ಸರಿಯಾಗಿಯೇ ಹೇಳುತ್ತದೆ. ಬೆರಳ ತುದಿಯ ಲೆಕ್ಕಕ್ಕೂ ಅದಕ್ಕೂ ಜಗಳ ಬಂದಾಗ ಮಾತ್ರ ಬೆರಳನ್ನು ನಂಬಿ.

ರಾತ್ರಿ ಮೂರು ನಾಲ್ಕು ಸಲ ಎದ್ದೇಳುವ ಮಾತನ್ನು ಮರೆತಿಲ್ಲ. ಸಿಕಲ್ ವಾಹಕರ ಮೂತ್ರಪಿಂಡ ಮೂತ್ರವನ್ನು ಗಟ್ಟಿಯಾಗಿಸುವುದರಲ್ಲಿ ಕೊಂಚ ಹಿಂದೆ. ಸಕ್ಕರೆ ಇಲ್ಲದಿದ್ದರೂ ಅವರು ಹೆಚ್ಚು ಸಲ ಎದ್ದೇಳಬಹುದು. ಅದಕ್ಕೇ ಇರಬೇಕು ಎಂದು ಸಕ್ಕರೆಯನ್ನು ತಳ್ಳಿಹಾಕಿದರೆ ತಪ್ಪು. ಸಕ್ಕರೆಯೇ ಎಂದು ಪರೀಕ್ಷಿಸದೆ ಮಾತ್ರೆ ಕೊಟ್ಟರೂ ತಪ್ಪು. ವಾಹಕರಲ್ಲಿ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಹೆಚ್ಚು ಎಂದು 2014ರಲ್ಲಿ ಆಫ್ರಿಕನ್ ಅಮೆರಿಕನ್ನರ ದೊಡ್ಡ ಅಧ್ಯಯನ ಹೇಳಿದೆ. ಮೂತ್ರಪಿಂಡಕ್ಕೆ ಸಕ್ಕರೆ ಏನು ಮಾಡುತ್ತದೆಂದು ನಿಮಗೆ ಗೊತ್ತೇ ಇದೆ. ಯಾರ ಮೂತ್ರಪಿಂಡವನ್ನು ಹೆಚ್ಚು ಜೋಪಾನ ಮಾಡಬೇಕೋ ಅವರ ಸಕ್ಕರೆಯನ್ನೇ ನಮ್ಮ ಪರೀಕ್ಷೆ ಕಮ್ಮಿ ಮಾಡಿ ತೋರಿಸುತ್ತಿದೆ.

ಇದು ಎಲ್ಲೋ ದೂರದ ವಿಷಯವಲ್ಲ. ನಮ್ಮ ನಾಡಿನ ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ ಸಿಕಲ್ ಗುಣ ಇದೆಯೆಂದು ಲೇಮನ್ ಮತ್ತು ಕಟ್‌ಬುಷ್ ಬರೆದದ್ದು 1952ರಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಪೋಡುಗಳಲ್ಲಿ ಸಿಕಲ್ ಹುಡುಕುವ ಕೆಲಸವನ್ನು ಸರ್ಕಾರಕ್ಕಿಂತ ಎಷ್ಟೋ ಮುಂಚೆ ಕೈಗೆತ್ತಿಕೊಂಡಿತು. ಆಗ ಸಕ್ಕರೆ ಕಾಯಿಲೆ ಪೇಟೆಯವರದ್ದು ಎಂದುಕೊಂಡಿದ್ದೆವು. ಐಸಿಎಂಆರ್ ಸಮೀಕ್ಷೆಯ 2023ರ ಲೆಕ್ಕದಲ್ಲಿ ದೇಶದ ಸಕ್ಕರೆ ರೋಗಿಗಳು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಗೆಡ್ಡೆ ಗೆಣಸು ಹೋಗಿ ರೇಷನ್ ಅಕ್ಕಿ ಬಂದ ಹಾಡಿಗಳು ಆ ಲೆಕ್ಕದ ಹೊರಗೆ ಉಳಿಯುವುದಿಲ್ಲ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. ಕರ್ನಾಟಕವೂ ಸೇರಿ 17 ರಾಜ್ಯ, ಏಳು ಕೋಟಿ ಜನರ ತಪಾಸಣೆಯ ಗುರಿ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಅದರ ವಯಸ್ಸಿನ ಮಿತಿ ಹುಟ್ಟಿನಿಂದ 40. ಸಕ್ಕರೆ, ಬಿ.ಪಿ. ನೋಡುವ ಇನ್ನೊಂದು ಕಾರ್ಯಕ್ರಮ ಶುರುವಾಗುವುದು 30ಕ್ಕೆ. ಎರಡೂ ಒಂದೇ ಮನೆಯ ಬಾಗಿಲು ತಟ್ಟುತ್ತವೆ, ಬೇರೆ ಬೇರೆ ರಿಜಿಸ್ಟರ್ ಹಿಡಿದು. ಸಕ್ಕರೆ ಹೆಚ್ಚಾಗಿ ಬರುವುದು ನಲವತ್ತು ದಾಟಿದವರಿಗೆ. ಅವರ ಸಿಕಲ್ ಸ್ಥಿತಿ ನೋಡುವವರು ಯಾರೂ ಇಲ್ಲ. ನೋಡಿಸಿಕೊಂಡ ಎಳೆಯರಿಗೆ ಹೇಳುವುದು ಒಂದೇ ಮಾತು: ನಿನಗೇನೂ ಇಲ್ಲ, ಮದುವೆ ಹೊತ್ತಿಗೆ ಕಾರ್ಡು ತೋರಿಸು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ಆ ಮಾತು ನಿಜ, ಹೇಳಲೇಬೇಕು. ಆದರೆ ಮದುವೆಯಾಗಿ, ಮಕ್ಕಳಾಗಿ, ಐವತ್ತಾದ ಮೇಲೂ ಆ ಕಾರ್ಡಿಗೆ ಕೆಲಸವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ನನ್ನ ರೋಗಿಯ ಹುಣ್ಣು ಒಣಗಲು ಎರಡು ತಿಂಗಳು ಹಿಡಿಯಿತು. ಮಗನ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು ತೋರಿಸಿದ್ದರು. ಅದರ ಹಿಂಬದಿ ಖಾಲಿ ಇತ್ತು. ಪೆನ್ನು ತೆಗೆದು "ತಾಯಿಯೂ ವಾಹಕರು. ಶುಗರ್ ನೋಡುವಾಗ ಎ1ಸಿ ಒಂದನ್ನೇ ನಂಬಬೇಡಿ" ಎಂದು ಬರೆದು ಸಹಿ ಹಾಕಿ ಕೊಟ್ಟೆ. ಸರ್ಕಾರಿ ಕಾರ್ಡಿನ ಮೇಲೆ ಹಾಗೆ ಗೀಚುವಂತಿಲ್ಲ ಎಂದು ಆಮೇಲೆ ಒಬ್ಬರು ಆಕ್ಷೇಪಿಸಿದರು. ಗೀಚುವಂತಿಲ್ಲವಾದರೆ ಅಚ್ಚು ಹಾಕಿಸಲಿ. ಒಂದು ಸಾಲು, ಕನ್ನಡದಲ್ಲಿ, ಎಲ್ಲ ವಾಹಕರ ಕಾರ್ಡಿನ ಹಿಂಬದಿ. ಇಲ್ಲಿ ಆರೋಗ್ಯ ಇಲಾಖೆಯ ಸ್ನೇಹಿತರು ಇದ್ದೀರಿ, ಇದನ್ನು ಮನವಿಯೆಂದೇ ತೆಗೆದುಕೊಳ್ಳಿ. ಲ್ಯಾಬಿನವರೂ ಇದ್ದೀರಿ, ಬಲಗಡೆ ಎರಡನೇ ಶಿಖರ ಕಂಡರೆ ಸುಮ್ಮನೆ ಸಹಿ ಹಾಕಬೇಡಿ, ಡಾಕ್ಟರಿಗೆ ಒಂದು ಫೋನ್ ಮಾಡಿ. ಯಾರ ನೆನಪಿನಲ್ಲಿ ನಾವಿಲ್ಲಿ ಸೇರಿದ್ದೇವೋ ಅವರಾಗಿದ್ದರೆ ಖುದ್ದಾಗಿ ನಡೆದು ಬಂದು ಹೇಳುತ್ತಿದ್ದರು.